ಮೂರು ನಾಲ್ಕುಗಳ ಬೀಗ

ಹೋದ ತಿಂಗಳು ಅಕ್ಕನ ಮಗಳ ಮದುವೆಗೆ ಕಾರ್ಡ್ ಆರಿಸಲು ಬಳೇಪೇಟೆಗೆ ಹೋಗಿದ್ದೆವು. ಅಂಗಡಿಯವನು ಒಂದರ ಮೇಲೊಂದು ಕಾರ್ಡ್ ಹರಡುತ್ತಾ, "ಮೇಡಂ, ಇದು ನೋಡಿ, ಗಣೇಶ ಹೆಂಗೆ ಉಬ್ಬಿದಾನೆ. ಬೇಕಾದ್ರೆ ಮುಟ್ಟಿ ನೋಡಿ" ಅಂದ. ಮುಟ್ಟಿದೆ. ಆಗಷ್ಟೇ ಕಟ್ಟು ಒಡೆದ ದಪ್ಪ ಕಾಗದದ ವಾಸನೆ, ಬೆರಳ ತುದಿಗೆ ಉಬ್ಬಿದ ಸಣ್ಣ ಸಣ್ಣ ಚುಕ್ಕಿ. ಅಷ್ಟೇ ಆಗಿದ್ದು. "ಏನೇ, ಬಣ್ಣ ಚೆನ್ನಾಗಿಲ್ವಾ?" ಅಂತ ಅಕ್ಕ ಕೇಳುತ್ತಿದ್ದಾಳೆ, ನನ್ನ ಕಣ್ಣಿಂದ ನೀರು ಇಳಿಯುತ್ತಿದೆ. ಮದುವೆ ಕಾರ್ಡಿನ ಅಂಗಡಿಯಲ್ಲಿ ನಿಂತು ಅಳುವ ಹೆಂಗಸನ್ನು ಅವನು ಅದೇ ಮೊದಲು ನೋಡಿದ್ದಿರಬೇಕು. "ಧೂಳು, ಧೂಳು" ಅನ್ನುತ್ತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೊರಗೆ ಬಂದು ನಿಂತೆ.

ಧೂಳೂ ಇಲ್ಲ, ಮಣ್ಣೂ ಇಲ್ಲ. ಸೀತಾರಾಮು ಮೇಷ್ಟ್ರು ನೆನಪಾಗಿದ್ದರು. ಇಷ್ಟು ವರ್ಷ ಯಾರಿಗೂ ಹೇಳದ ಒಂದು ಬೇಸಿಗೆ ನೆನಪಾಗಿತ್ತು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು, ನನಗೆ ಇಪ್ಪತ್ತಾರು. ಶ್ರೀರಾಂಪುರದ ನಮ್ಮ ಮನೆಯಿಂದ ಬಸ್ಸು ಹಿಡಿದು ಚಾಮರಾಜಪೇಟೆಗೆ ಕೆಲಸಕ್ಕೆ ಹೋಗುತ್ತಿದ್ದೆ. ಅಲ್ಲೊಂದು ಹಳೆಯ ಹೆಂಚಿನ ಮನೆ. ಅದರ ಮುಂದಿನ ಎರಡು ಕೋಣೆಗಳಲ್ಲಿ ಪುಟ್ಟ ಟ್ರಸ್ಟೊಂದು ಕಣ್ಣಿಲ್ಲದ ಮಕ್ಕಳಿಗಾಗಿ ಬ್ರೈಲ್ ಪುಸ್ತಕ ಮಾಡುತ್ತಿತ್ತು. ಕೆಲಸಕ್ಕಿದ್ದದ್ದು ಮೂರೇ ಜನ. ಪಠ್ಯಪುಸ್ತಕ ನೋಡಿಕೊಂಡು ಕನ್ನಡದಲ್ಲಿ ಟೈಪ್ ಮಾಡಲು ಫಿಲೋಮಿನಾ, ಕಂಪ್ಯೂಟರ್ ನೋಡಿಕೊಳ್ಳಲು ನಾನು, ಬ್ರೈಲಿನಲ್ಲಿ ಬಂದ ಕರಡನ್ನು ಬೆರಳಿನಿಂದ ಓದಿ ತಿದ್ದಲು ಮೇಷ್ಟ್ರು.

ಮೇಷ್ಟ್ರಿಗೆ ಅರವತ್ತು ದಾಟಿತ್ತು. ಮೂರನೇ ವಯಸ್ಸಿನಲ್ಲಿ ಸಿಡುಬು ಬಂದು ಎರಡೂ ಕಣ್ಣು ಹೋಗಿದ್ದವು. ಮೂವತ್ತು ವರ್ಷ ಅಂಧ ಮಕ್ಕಳಿಗೆ ಓದು ಕಲಿಸಿ ರಿಟೈರಾಗಿ, ಎರಡು ಕ್ರಾಸ್ ಆಚೆಯ ಮನೆಯಿಂದ ಕೋಲು ತಟ್ಟಿಕೊಂಡು ಒಬ್ಬರೇ ಬರುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಶರಟು, ಪಂಚೆ, ಜೇಬಿನಲ್ಲಿ ನಶ್ಯದ ಡಬ್ಬಿ. ನಾನು ಗೇಟು ದಾಟುವಾಗಲೇ ಹೆಜ್ಜೆಯ ಸದ್ದು ಗುರುತು ಹಿಡಿದು, "ಏನಮ್ಮಾ ಮಂಜುಳಾ, ಇವತ್ತೂ ಕಂಡಕ್ಟರ್ ಜೊತೆ ಜಗಳಾನಾ?" ಅನ್ನುತ್ತಿದ್ದರು. ಹೆಜ್ಜೆಯಲ್ಲಿ ಸಿಟ್ಟು ಗೊತ್ತಾಗುತ್ತದಂತೆ. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತಿದ್ದ ಕಾಲ ಅದು. ಈಗೇನೂ ಕಡಿಮೆಯಾಗಿಲ್ಲ ಬಿಡಿ.

ಅವರ ಜ್ಞಾಪಕಶಕ್ತಿಗೆ ನಾವಿಬ್ಬರೂ ಹೆದರುತ್ತಿದ್ದೆವು. "ಹೋದ ವಾರದ ನಾಲ್ಕನೇ ಹಾಳೆ, ಹನ್ನೊಂದನೇ ಸಾಲು, ಅಲ್ಲಿ ಒಂದು ಚುಕ್ಕಿ ಜಾಸ್ತಿ ಇದೆ, ತೆಗೀರಿ" ಅನ್ನುತ್ತಿದ್ದರು, ಹಾಳೆ ಮುಟ್ಟದೆ. ಫಿಲೋಮಿನಾ ತೆರೆದು ನೋಡಿದರೆ ಅಲ್ಲಿ ಒಂದು ಚುಕ್ಕಿ ಜಾಸ್ತಿ ಇರುತ್ತಿತ್ತು. ಕಣ್ಣಿಲ್ಲ ಅಂತ ಅವರನ್ನು ಯಾರಾದರೂ ಅಯ್ಯೋ ಪಾಪ ಅಂದರೆ ನಕ್ಕುಬಿಡುತ್ತಿದ್ದರು. ಮರೆವು ಅಂದರೆ ಮಾತ್ರ ಮುಖ ಕೆಂಪಾಗುತ್ತಿತ್ತು.

ಆ ವರ್ಷ ಯುಗಾದಿಗೆ ಮುಂಚೆ ನಾವು ಕೈಗೆತ್ತಿಕೊಂಡದ್ದು ಹತ್ತನೇ ಕ್ಲಾಸಿನ ಗಣಿತದ ಪುಸ್ತಕ. ಟ್ರಸ್ಟಿನ ಕಾರ್ಯದರ್ಶಿಗಳು ಬೇಡವೆಂದೇ ಹೇಳಿದ್ದರು. ಗಣಿತ ಕಷ್ಟ, ಸಮಾಜ ವಿಜ್ಞಾನ ಮಾಡೋಣ ಅಂದಿದ್ದರು. ಹಟ ಹಿಡಿದವರು ಮೇಷ್ಟ್ರು.

"ನೋಡಿ ಸಾರ್, ನಾನು ಓದೋವಾಗ ಲೆಕ್ಕದ ಪೀರಿಯಡ್ ಬಂದ್ರೆ ನಮ್ಮನ್ನ ಬೆತ್ತದ ಕುರ್ಚಿ ಹೆಣೆಯೋಕೆ ಕಳಿಸ್ತಿದ್ರು. ನಿಮಗ್ಯಾಕ್ರಪ್ಪಾ ಲೆಕ್ಕ ಅಂತ. ಪಕ್ಕದ ರೂಮಿಂದ ಮೇಷ್ಟ್ರು ಪಾಠ ಮಾಡೋದು ಕೇಳಿಸ್ತಿತ್ತು. ಕೇಳ್ತಾ ಕೇಳ್ತಾ ಕುರ್ಚಿ ಹೆಣೀತಿದ್ದೆ. ಎಷ್ಟು ಕುರ್ಚಿ ಹೆಣೆದ್ರೂ ಒಂದು ಭಿನ್ನರಾಶಿ ಕೂಡೋಕೆ ಬರ್ತಿರ್ಲಿಲ್ಲ ನಂಗೆ. ಆಮೇಲೆ ನಲವತ್ತು ವರ್ಷಕ್ಕೆ ಕಲಿತೆ. ಈ ಮಕ್ಕಳಿಗೆ ಹಂಗಾಗಬಾರದು."

ಜೂನ್ ತಿಂಗಳಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಅಂಧರ ಶಾಲೆಯ ಹಾಸ್ಟೆಲಿನ ಮಕ್ಕಳ ಕೈಗೆ ಪುಸ್ತಕ ಸೇರಬೇಕು ಎಂದಾಯಿತು. ಮೇಷ್ಟ್ರಿಗೆ ಇನ್ನೊಂದು ಅವಸರವೂ ಇತ್ತು. ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇತ್ತು, ಆಗ ಬೆರಳ ತುದಿಗೆ ಬಂದಿತ್ತು. ಬಲಗೈಯ ತೋರುಬೆರಳು ಜೋಮು ಹಿಡಿದಂತೆ ಆಗುತ್ತದೆ, ಮುಟ್ಟಿದ್ದು ತಿಳಿಯುವುದಿಲ್ಲ, ಒಂದೊಂದು ದಿನ ಸರಿಹೋಗುತ್ತದೆ. ಇನ್ನು ಇದು ಜಾಸ್ತಿಯಾಗುತ್ತದೆಯೇ ಹೊರತು ವಾಪಸ್ಸು ಬರುವುದಿಲ್ಲ ಅಂತ ಡಾಕ್ಟರು ಹೇಳಿದ್ದರು. ಅದನ್ನು ಮೇಷ್ಟ್ರು ನನಗೆ ಹೇಳಿದ್ದು ರಾಮನವಮಿಯ ದಿನ, ಬೀದಿಯ ಚಪ್ಪರದಲ್ಲಿ ಕದ್ದು ಎರಡನೇ ಲೋಟ ಪಾನಕ ಕುಡಿಯುತ್ತಾ.

"ಪದ್ಮಂಗೆ ಹೇಳ್ಬೇಡಮ್ಮ, ಕೊಂದುಹಾಕ್ತಾಳೆ" ಅಂದರು. ಪದ್ಮಾವತಮ್ಮ ಅವರ ಹೆಂಡತಿ. ಆಮೇಲೆ ಲೋಟ ಕೆಳಗಿಟ್ಟು, "ಮೊದಲು ಕಣ್ಣು ಹೋಯ್ತು. ಅದು ನನಗೆ ನೆನಪೇ ಇಲ್ಲ, ಅದಕ್ಕೆ ಬೇಜಾರಿಲ್ಲ. ಇದು ಹೋಗೋದು ಗೊತ್ತಾಗ್ತಿದೆ ನೋಡು. ಈ ಪುಸ್ತಕ ಒಂದು ಮುಗಿಯೋವರೆಗೂ ಇರಪ್ಪಾ ಅಂತ ಬೇಡ್ಕೋತಿದೀನಿ" ಅಂದರು. ನಾನು ನನ್ನ ಕೋಸಂಬರಿಯ ದೊನ್ನೆಯನ್ನು ಅವರ ಕೈಗಿಟ್ಟೆ.

ನಮ್ಮ ಕೆಲಸ ನಡೆಯುತ್ತಿದ್ದ ರೀತಿ ಹೀಗೆ. ಫಿಲೋಮಿನಾ ಒಂದು ಅಧ್ಯಾಯ ಟೈಪ್ ಮಾಡುತ್ತಾಳೆ. ಮತ್ತಿಕೆರೆಯ ರೂಮಿನಲ್ಲಿದ್ದು ಓದುತ್ತಿದ್ದ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ನಮಗಾಗಿ ಬರೆದುಕೊಟ್ಟು ಹೋದ ಕನ್ವರ್ಟರ್ ಪ್ರೋಗ್ರಾಮು ಅದನ್ನು ಬ್ರೈಲ್ ಫೈಲಾಗಿ ಬದಲಿಸುತ್ತದೆ. ಚುಕ್ಕಿ ಒತ್ತುವ ಯಂತ್ರ ಟಕಟಕಟಕ ಅಂತ ದಪ್ಪ ಹಾಳೆಯಲ್ಲಿ ಕರಡು ತೆಗೆಯುತ್ತದೆ. ಮೇಷ್ಟ್ರು ಓದುತ್ತಾರೆ. ತಪ್ಪಿರುವ ಸಾಲು ಹೇಳಿದರೆ ನಾನು ಆ ಸಾಲಿಗೆ ಕರ್ಸರ್ ಇಡುತ್ತೇನೆ, ಅವರು ಕೀಬೋರ್ಡಿನ ಆರು ಗುಂಡಿಗಳನ್ನು ಆರು ಚುಕ್ಕಿಗಳಾಗಿ ಒತ್ತಿ ತಾವೇ ತಿದ್ದುತ್ತಾರೆ. ತಿದ್ದಿದ್ದನ್ನು ಮತ್ತೆ ಒತ್ತಿ ತೆಗೆಯುತ್ತಿರಲಿಲ್ಲ. ಆ ಹಾಳೆ ನಮಗೆ ಸುಲಭಕ್ಕೆ ಸಿಗುತ್ತಿರಲಿಲ್ಲ. ಪುಸ್ತಕ ಪೂರ್ತಿ ಮುಗಿದ ಮೇಲೆ ಒಂದೇ ಸಲ ಅಂತ ಇಟ್ಟುಕೊಂಡಿದ್ದೆವು.

ಕಥೆ ಪುಸ್ತಕವಾಗಿದ್ದರೆ ತಿದ್ದುವುದು ಅಷ್ಟಿರುತ್ತಿರಲಿಲ್ಲ. ಬ್ರೈಲಿನಲ್ಲಿ ಅಂಕಿಗೆ ಬೇರೆ ಚುಕ್ಕಿಗಳಿಲ್ಲ, ಅಕ್ಷರದ ಮುಂದೆ ಒಂದು ಗುರುತು ಹಾಕಿದರೆ ಅದೇ ಅಂಕಿ. ನಮ್ಮ ಕನ್ವರ್ಟರು ಭಿನ್ನರಾಶಿ ಬಂದ ಕಡೆಯೆಲ್ಲ ಆ ಗುರುತನ್ನು ನುಂಗಿಬಿಡುತ್ತಿತ್ತು. ಹಾಗಾಗಿ ಪ್ರತಿ ಲೆಕ್ಕವನ್ನೂ ಮೇಷ್ಟ್ರು ಕೈಯಾರೆ ಕಟ್ಟಬೇಕಾಗಿತ್ತು. ಒಂದು ಹಾಳೆಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು.

ಆ ಕನ್ವರ್ಟರಿಗೆ ಇನ್ನೊಂದು ಕೆಟ್ಟ ಚಾಳಿ ಇತ್ತು. ಅದು ಹುಟ್ಟಿಸಿದ ಫೈಲನ್ನು ಬೇರೆ ಯಾರೂ ತೆರೆಯುವ ಹಾಗಿರಲಿಲ್ಲ. ಓದುವ ಅನುಮತಿಯೂ ಇಲ್ಲ, ಬರೆಯುವ ಅನುಮತಿಯೂ ಇಲ್ಲ. ದಿನಕ್ಕೆ ಹತ್ತು ಸಲ ಫಿಲೋಮಿನಾ ಪಕ್ಕದ ಕೋಣೆಯಿಂದ "ಮಂಜೂ, ಮತ್ತೆ ಬಾಗಿಲು ಹಾಕ್ಕೊಂಡು ಕೂತಿದೆ ಕಣೇ, ಬಾರೇ" ಅಂತ ಕೂಗುವುದು, ನಾನು ಎದ್ದು ಹೋಗಿ ಅನುಮತಿ ಬದಲಿಸಿ ಬರುವುದು. ಮೂರು ವಾರ ಇದೇ ಆಯಿತು. ಪ್ರೋಗ್ರಾಮಿನ ಒಳಗೆ ಹೋಗಿ ಒಂದೇ ಒಂದು ಸಾಲು ತಿದ್ದಿದ್ದರೆ ಮುಗಿಯುತ್ತಿತ್ತು ಅಂತ ಈಗ ಗೊತ್ತು. ಆಗ ಯಾರು ಹುಡುಕುತ್ತಾರೆ! ಸಿಟ್ಟು ಬಂದು ಒಂದು ಮಧ್ಯಾಹ್ನ ನಾಲ್ಕು ಸಾಲಿನ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮೊಂದನ್ನು ಬರೆದೆ. ಹತ್ತು ನಿಮಿಷಕ್ಕೊಮ್ಮೆ ಅದು ತಾನಾಗಿಯೇ ಎದ್ದು, ಆ ಫೋಲ್ಡರಿನ ಎಲ್ಲ ಫೈಲುಗಳನ್ನೂ ಎಲ್ಲರೂ ಓದುವಂತೆ, ಎಲ್ಲರೂ ಬರೆಯುವಂತೆ ಮಾಡಿ ಮಲಗುತ್ತಿತ್ತು. ಅವತ್ತಿನಿಂದ ಕೂಗು ನಿಂತಿತು. "ಭಾರಿ ಬುದ್ಧಿವಂತೆ ಕಣೇ ನೀನು" ಅಂತ ಫಿಲೋಮಿನಾ ಕ್ಯಾರಿಯರಿನಿಂದ ಎರಡು ಕಜ್ಜಾಯ ಕೊಟ್ಟಳು. ನಾನೂ ಬೀಗಿದೆ. ಒಂದು ವಾರ ಕಳೆದ ಮೇಲೆ ಆ ಸ್ಕ್ರಿಪ್ಟು ಇದೆ ಅನ್ನುವುದೇ ಮರೆತುಹೋಯಿತು.

ಏಪ್ರಿಲ್ ಕೊನೆಯಲ್ಲಿ ಮೇಷ್ಟ್ರು ಒಂದು ಪ್ರಶ್ನೆ ಕೇಳಿದರು. "ನಾನು ತಿದ್ದಿಟ್ಟಿರೋ ಅಧ್ಯಾಯದ ಮೇಲೆ ಕನ್ವರ್ಟರ್ ಇನ್ನೊಂದ್ಸಲ ಓಡಿದ್ರೆ ಏನಾಗುತ್ತಮ್ಮಾ?"

"ನೀವು ತಿದ್ದಿದ್ದೆಲ್ಲ ಹೋಗಿ ಮೊದಲಿನ ಹಾಗೇ ಬರುತ್ತೆ ಮೇಷ್ಟ್ರೇ."

"ಅಯ್ಯೋ ದೇವ್ರೇ! ಹಂಗಾದ್ರೆ ಅದಕ್ಕೆ ಬೀಗ ಹಾಕೋಕೆ ಬರಲ್ವಾ?"

ಬರುತ್ತದೆ ಅಂದೆ. ಫೈಲನ್ನು ಓದಲಷ್ಟೇ ಬಿಟ್ಟು ಬರೆಯಲು ಬಿಡದಂತೆ ಮಾಡುವ ಕಮಾಂಡು, ಕೊನೆಯಲ್ಲಿ ಮೂರು ಸಲ ನಾಲ್ಕು. ಹಾಗೆ ಮಾಡಿದರೆ ಕನ್ವರ್ಟರು ಬಂದು ಗೊಣಗಿ, ಆ ಫೈಲನ್ನು ಮುಟ್ಟದೆ ಮುಂದೆ ಹೋಗುತ್ತದೆ ಅಂತ ವಿವರಿಸಿದೆ. ನಾನು ಹಾಕಿಕೊಡುತ್ತೇನೆ ಅಂದರೆ ಅವರು ಒಪ್ಪಲಿಲ್ಲ. ತಾವೇ ಕಲಿತರು. ಅವರು ಜೀವಮಾನದಲ್ಲಿ ಕಲಿತ ಒಂದೇ ಒಂದು ಕಂಪ್ಯೂಟರ್ ಕಮಾಂಡು ಅದು. ಅಧ್ಯಾಯ ಮುಗಿದ ದಿನ ನೆಟ್ಟಗೆ ಕೂತು, ಒಂದೊಂದೇ ಅಕ್ಷರ ಬಾಯಲ್ಲಿ ಹೇಳಿಕೊಂಡು ಒತ್ತಿ, ಕೊನೆಗೆ "ನಾಲ್ಕು, ನಾಲ್ಕು, ನಾಲ್ಕು" ಅಂದು ಎಂಟರ್ ಹೊಡೆದು ನನ್ನ ಕಡೆ ತಿರುಗುತ್ತಿದ್ದರು.

"ಬಿತ್ತಾ?"

ನಾನು ಪರದೆ ನೋಡಿ, "ಬಿತ್ತು ಮೇಷ್ಟ್ರೇ" ಅನ್ನುತ್ತಿದ್ದೆ.

ಬಿದ್ದೇ ಇರುತ್ತಿತ್ತು. ನಾನು ಸುಳ್ಳು ಹೇಳುತ್ತಿರಲಿಲ್ಲ. ಹತ್ತು ನಿಮಿಷದೊಳಗೆ ನನ್ನ ಸ್ಕ್ರಿಪ್ಟು ಎದ್ದು ಆ ಬೀಗ ತೆಗೆದು ಮಲಗುತ್ತಿತ್ತು. ಬೀಗ ಹಾಕಲು ಕಲಿಸಿದವಳೂ ನಾನೇ, ತೆಗೆಯುತ್ತಿದ್ದವಳೂ ನಾನೇ. ಎರಡನ್ನೂ ಒಟ್ಟಿಗೆ ಯೋಚಿಸುವಷ್ಟು ಬುದ್ಧಿ ಆ ಬುದ್ಧಿವಂತೆಗೆ ಇರಲಿಲ್ಲ.

ಮೇ ತಿಂಗಳ ಬಿಸಿಲಿಗೆ ಹೆಂಚು ಕಾದು ಕೋಣೆ ಕುದಿಯುತ್ತಿತ್ತು. ನಾಲ್ಕು ಗಂಟೆಗೆ ಮೋಡ ಕವಿದು ದಪ್ಪ ಹನಿಯ ಮಳೆ ಹೊಡೆದರೆ ಕರೆಂಟು ಹೋಗುತ್ತಿತ್ತು. ಆಗ ಮೇಷ್ಟ್ರು "ಈಗ ನೀವೂ ನಾನೂ ಒಂದೇ" ಅಂತ ನಗುತ್ತಾ ನಮ್ಮಿಬ್ಬರಿಗೂ ಬಾಯಿಲೆಕ್ಕ ಹಾಕುತ್ತಿದ್ದರು. ಬೆರಳು ಮೊಂಡಾಗುತ್ತಾ ಬಂದಿತ್ತು. ಬೆಳಿಗ್ಗೆ ಬಿಸಿನೀರಿನಲ್ಲಿ ಅದ್ದಿಕೊಂಡು ಬರುತ್ತಿದ್ದರು. ಬಲಗೈ ಕೈಕೊಟ್ಟ ದಿನ ಎಡಗೈಯಲ್ಲಿ ಓದುತ್ತಿದ್ದರು. ಒಂದು ಸಾಲನ್ನು ಮೂರು ಸಲ ಓದಿ, ಅನುಮಾನವಿದ್ದರೆ ನನ್ನ ಕೈ ಹಿಡಿದು ಚುಕ್ಕಿಯ ಮೇಲಿಟ್ಟು, "ಎಷ್ಟಿದೆ ನೋಡಮ್ಮ, ಮೂರಾ ನಾಲ್ಕಾ?" ಅನ್ನುತ್ತಿದ್ದರು. ಹಾಗೆ ಕಟ್ಟಿ ಕಟ್ಟಿ ಮೇ ಕೊನೆಯ ವಾರ ಹದಿನಾಲ್ಕನೇ ಅಧ್ಯಾಯಕ್ಕೂ ಬೀಗ ಹಾಕಿದರು. ಆ ದಿನ ಪದ್ಮಾವತಮ್ಮ ನಮಗೆಲ್ಲ ಹೋಳಿಗೆ ಕಳಿಸಿದ್ದರು.

ಮಾರನೆಯ ದಿನ ಪುಸ್ತಕಕ್ಕೆ ಮೊದಲ ಹಾಳೆ, ವಿಷಯಸೂಚಿ, ಪುಟಸಂಖ್ಯೆ ಸೇರಿಸಲು ಫಿಲೋಮಿನಾ ಇಡೀ ಫೋಲ್ಡರಿನ ಮೇಲೆ ಕನ್ವರ್ಟರ್ ಓಡಿಸಿದಳು. ನಾನೇ ಹೇಳಿದ್ದೆ, ಓಡಿಸು, ಅಧ್ಯಾಯಗಳಿಗೆಲ್ಲ ಬೀಗ ಇದೆ ಅಂತ. ಅದು ಗೊಣಗಬೇಕಿತ್ತು. ಗೊಣಗಲಿಲ್ಲ. ಯಾಕೆ ಗೊಣಗಲಿಲ್ಲ ಅಂತ ನಾವು ಕೇಳಲಿಲ್ಲ. ಆಮೇಲೆ ಯಂತ್ರಕ್ಕೆ ಹಾಳೆ ಹಾಕಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಎರಡು ದಿನ ಟಕಟಕ ಅನ್ನಿಸಿ, ಮೊದಲ ಪ್ರತಿ ಕಟ್ಟಿ ಮೇಷ್ಟ್ರ ಮುಂದೆ ಇಟ್ಟೆವು.

ಅವರು ಓದಲು ಕೂತರು. ಅರ್ಧ ಗಂಟೆ ಕಳೆದರೂ ಮಾತಿಲ್ಲ. "ಹೇಗಿದೆ ಮೇಷ್ಟ್ರೇ?" ಅಂದರೆ, "ಓದ್ತಿದೀನಮ್ಮ" ಅಂದರು. ಎರಡನೆಯ ದಿನವೂ ಅಷ್ಟೇ. ಬೆರಳು ಸಾಲಿನ ಮೇಲೆ ಹೋಗುತ್ತದೆ, ನಿಲ್ಲುತ್ತದೆ, ವಾಪಸ್ಸು ಬರುತ್ತದೆ. ಎದ್ದು ಹೋಗಿ ಬಿಸಿನೀರು ಕೇಳಿ ಕೈ ಅದ್ದಿ ಬಂದರು. ಮೂರನೆಯ ದಿನ ನಾನು ಊಟ ಮುಗಿಸಿ ಒಳಗೆ ಬಂದಾಗ ಮೇಷ್ಟ್ರು ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ಮುಖಕ್ಕೆ ತಂದು ಕೆಳತುಟಿಯನ್ನು ಸಾಲಿನ ಮೇಲೆ ಎಳೆಯುತ್ತಿದ್ದರು. ತುಟಿಯಿಂದ ಓದಲು ನೋಡುತ್ತಿದ್ದರು. ನನ್ನ ಹೆಜ್ಜೆ ಕೇಳಿಸಿ ಗಾಬರಿಯಾಗಿ ಪುಸ್ತಕ ಕೆಳಗಿಟ್ಟರು.

ನಾಲ್ಕನೆಯ ದಿನ ಬೆಳಿಗ್ಗೆ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು. "ಮಂಜುಳಾ, ಬೆರಳು ಪೂರ್ತಿ ಹೋಯ್ತು ಅನ್ಸುತ್ತಮ್ಮ. ನಾನು ಹಾಕಿದ್ದ ಗುರುತು ಒಂದೂ ಸಿಗ್ತಿಲ್ಲ. ಇದೆ ಅಲ್ವಾ ಅಲ್ಲಿ? ನೀನು ನೋಡಿ ಹೇಳು."

ಆ ಒಂದು ಗುರುತು ನನಗೂ ಗೊತ್ತಿತ್ತು, ನೋಡಿದೆ. ಇರಲಿಲ್ಲ. ಹಾಳೆ ಮೇಲೆ ಹಾಳೆ ತಿರುಗಿಸಿದೆ, ಎಲ್ಲೂ ಇರಲಿಲ್ಲ. ಬೆರಳು ಮೂರು ದಿನವೂ ಸರಿಯಾಗಿಯೇ ಓದಿತ್ತು. ಓಡಿಹೋಗಿ ಕಂಪ್ಯೂಟರಿನಲ್ಲಿ ನೋಡಿದರೆ ಹದಿನಾಲ್ಕೂ ಅಧ್ಯಾಯ ಹೊಸದಾಗಿ ಬರೆದುಕೊಂಡಿದ್ದವು. ದಿನವೂ ಸಂಜೆ ಇಡೀ ಫೋಲ್ಡರಿನ ನಕಲನ್ನು ಇನ್ನೊಂದು ಡಿಸ್ಕಿಗೆ ಹಾಕುತ್ತಿದ್ದೆ, ಹಳೆಯ ನಕಲಿನ ಮೇಲೆಯೇ ಹೊಸದು. ಅಲ್ಲೂ ಕೆಟ್ಟದ್ದೇ ಹೋಗಿ ಕೂತಿತ್ತು. ಮೇಷ್ಟ್ರು ಮೊದಲ ದಿನವೇ ಬಾಯಿಬಿಟ್ಟಿದ್ದರೂ ಅಷ್ಟೇ, ಆ ಹೊತ್ತಿಗಾಗಲೇ ಮುಗಿದುಹೋಗಿತ್ತು. ಬೀಗ ಯಾಕೆ ನಿಲ್ಲಲಿಲ್ಲ ಅಂತ ನೋಡುತ್ತಾ ಕೂತವಳ ಕಣ್ಣೆದುರೇ ಹತ್ತು ನಿಮಿಷವಾಯಿತು, ನನ್ನ ಸ್ಕ್ರಿಪ್ಟು ಎದ್ದು ಕೆಲಸ ಮಾಡಿತು. 

ಅಷ್ಟರಲ್ಲಿ ಕಾರ್ಯದರ್ಶಿಗಳು ಬಂದಿದ್ದರು. ಫಿಲೋಮಿನಾ ಅಳುತ್ತಿದ್ದಳು. "ಹೆಂಗ್ರೀ ಆಯ್ತು ಇದು? ಯಾರು ಜವಾಬ್ದಾರಿ?" ಅಂತ ಅವರು ದನಿ ಏರಿಸಿದರು. ಮೇಷ್ಟ್ರು ಕೈ ಎತ್ತಿ ಸುಮ್ಮನಿರಿಸಿ ನನ್ನ ಕಡೆ ತಿರುಗಿದರು.

"ಮಂಜುಳಾ, ನಾನು ಬೀಗ ಹಾಕಿದ್ದೆ ಅಲ್ವೇನಮ್ಮಾ? ಪ್ರತಿ ಸಲ ಬಿತ್ತು ಅಂತ ನೀನು ಹೇಳ್ತಿದ್ದೆ."

ಕೆಲಸ ಹೋಗುತ್ತದೆ ಅನ್ನುವ ಭಯವಿತ್ತು. ಅದಕ್ಕಿಂತ ಹೆಚ್ಚಾಗಿ, ಬುದ್ಧಿವಂತೆ ಅನ್ನಿಸಿಕೊಂಡಿದ್ದೆನಲ್ಲ, ಆ ಹೆಸರಿನ ಆಸೆ ಇತ್ತು. ನಾನು ಹೇಳಿದೆ: "ಎಲ್ಲಾ ದಿನ ನಾನು ನೋಡಿರ್ಲಿಲ್ಲ ಮೇಷ್ಟ್ರೇ. ಕೆಲವು ಸಲ ನೀವು... ಮರೆತಿರಬಹುದು."

ಎತ್ತಿದ್ದ ಕೈಯನ್ನು ಮೇಷ್ಟ್ರು ಕೆಳಗಿಳಿಸಿದರು. ನೆನಪು ಮಾಡಿಕೊಳ್ಳುತ್ತಿದ್ದರು ಅಂತ ಕಾಣುತ್ತದೆ, ಹದಿನಾಲ್ಕು ಬೀಗಗಳನ್ನೂ. ಆಮೇಲೆ, "ಇರ್ಬೇಕು. ಬಿತ್ತು ಅಂತ ನೀನು ಹೇಳಿದ್ದು ನಂಗೆ ಚೆನ್ನಾಗಿ ನೆನಪಿದೆ. ಆದ್ರೆ ಈಗ ನನ್ನ ನೆನಪನ್ನ ನಂಬೋದು ಹೆಂಗೆ? ತಪ್ಪು ನಂದೇ ಸಾರ್, ಈ ಮಕ್ಕಳನ್ನ ಬೈಬೇಡಿ" ಅಂದರು. ಕಾರ್ಯದರ್ಶಿಗಳಿಗೆ ಆ ಹಿರಿಯರನ್ನು ಬೈಯಲು ಬಾಯಿ ಬರಲಿಲ್ಲ, ಹೊರಟುಹೋದರು. ಆ ಮಧ್ಯಾಹ್ನವೇ ನಾನು ಆ ನಾಲ್ಕು ಸಾಲಿನ ಸ್ಕ್ರಿಪ್ಟನ್ನು ಅಳಿಸಿಹಾಕಿದೆ. ಗುರುತೂ ಉಳಿಸಲಿಲ್ಲ.

ಮೇಷ್ಟ್ರು ಅದಾದ ಮೇಲೆ ಕೆಲಸಕ್ಕೆ ಬರಲಿಲ್ಲ. ಬೆರಳು ಇನ್ನೂ ಎರಡು ಮೂರು ತಿಂಗಳು ಕೆಲಸ ಮಾಡುತ್ತಿತ್ತೋ ಏನೋ, ಅವರೇ ನಂಬಲಿಲ್ಲ. ಫಿಲೋಮಿನಾ ಮತ್ತು ನಾನು ಕಣ್ಣಿನಲ್ಲಿ ಬ್ರೈಲ್ ಕಲಿತು, ತಪ್ಪು ಮಾಡುತ್ತಾ, ತಿದ್ದುತ್ತಾ, ಅವರು ಎರಡು ತಿಂಗಳಲ್ಲಿ ಮಾಡಿದ್ದನ್ನು ದೀಪಾವಳಿಯವರೆಗೂ ಎಳೆದೆವು. ಹಾಸ್ಟೆಲಿನ ಮಕ್ಕಳು ಅರ್ಧ ವರ್ಷ ಪುಸ್ತಕವಿಲ್ಲದೆ ಲೆಕ್ಕದ ಪಾಠ ಕೇಳಿಸಿಕೊಂಡು ಕೂತರು. ನಡುವೆ ಒಮ್ಮೆ ಮಾರ್ಕೆಟ್ಟಿನಲ್ಲಿ ಪದ್ಮಾವತಮ್ಮ ಸಿಕ್ಕಿದ್ದರು. "ಏನಾಗಿದೆಯೋ ಗೊತ್ತಿಲ್ಲ ಕಣಮ್ಮ ಇವರಿಗೆ. ಶರಟಿನ ಗುಂಡಿ ಹಾಕಿದೀನಾ ಪದ್ಮಾ, ಬಾಗಿಲು ಹಾಕಿದೀನಾ ಪದ್ಮಾ, ಮಾತ್ರೆ ನುಂಗಿದೀನಾ ಪದ್ಮಾ, ದಿನಕ್ಕೆ ನೂರು ಸಲ ಕೇಳ್ತಾರೆ. ಎಲ್ಲಾನೂ ಸರಿಯಾಗೇ ಮಾಡಿರ್ತಾರೆ. ಒಬ್ಬರೇ ಹೊರಗೆ ಹೋಗೋದಂತೂ ನಿಂತೇಹೋಯ್ತು" ಅಂದರು. ನಾನು ಸೊಪ್ಪಿನ ಕಟ್ಟು ಆರಿಸುವವಳ ಹಾಗೆ ತಲೆ ಬಗ್ಗಿಸಿದೆ.

ಪುಸ್ತಕ ಮುಗಿದ ವಾರ ಮೊದಲ ಸಂಪುಟ ಹಿಡಿದು ಅವರ ಮನೆಗೆ ಹೋದೆ. ಹೇಳಿಯೇ ಬರುವುದು ಅಂತ ಗಟ್ಟಿ ಮಾಡಿಕೊಂಡು ಹೋಗಿದ್ದೆ. ಮೇಷ್ಟ್ರು ವರಾಂಡದ ಬೆಂಚಿನ ಮೇಲೆ ಶಾಲು ಹೊದ್ದು ಕೂತಿದ್ದರು. ಇಳಿದುಹೋಗಿದ್ದರು. ಪುಸ್ತಕ ಕೊಟ್ಟರೆ ತೊಡೆಯ ಮೇಲಿಟ್ಟುಕೊಂಡು ಅಂಗೈಯಿಂದ ಸವರಿದರು, ಬೆರಳಿನಿಂದ ಮುಟ್ಟಲಿಲ್ಲ.

"ಮೇಷ್ಟ್ರೇ, ನಿಮಗೊಂದು ವಿಷಯ ಹೇಳ್ಬೇಕು" ಅಂದೆ. ಎಲ್ಲವನ್ನೂ ಹೇಳಿದೆ. ಹತ್ತು ನಿಮಿಷಕ್ಕೊಮ್ಮೆ ಏಳುತ್ತಿದ್ದ ಸ್ಕ್ರಿಪ್ಟು, ಅದು ತೆಗೆಯುತ್ತಿದ್ದ ಬೀಗ, ನಾನು ಹೇಳಿದ ಸುಳ್ಳು. "ನೀವು ಹದಿನಾಲ್ಕೂ ಸಲ ಹಾಕಿದ್ರಿ ಮೇಷ್ಟ್ರೇ. ಒಂದ್ಸಲಾನೂ ಮರೆತಿಲ್ಲ. ತಪ್ಪು ನಂದು" ಅಂದು ಅತ್ತುಬಿಟ್ಟೆ.

ಅವರು ನನ್ನ ಕೈ ಹುಡುಕಿ ಹಿಡಿದುಕೊಂಡರು. ನಗುತ್ತಿದ್ದರು.

"ಹುಚ್ಚು ಹುಡುಗಿ. ನನ್ನ ಸಮಾಧಾನಕ್ಕೆ ಎಷ್ಟೆಲ್ಲಾ ಯೋಚನೆ ಮಾಡ್ಕೊಂಡು ಬಂದಿದೀಯ."

"ಇಲ್ಲ ಮೇಷ್ಟ್ರೇ, ನಿಜ! ದೇವರಾಣೆಗೂ ನಿಜ."

"ನಿಜ ಆಗಿದ್ರೆ ನೀನು ಅವತ್ತೇ ಹೇಳ್ತಿದ್ದೆ ಕಣಮ್ಮ. ನಿನ್ನ ನಾನು ಕಾಣೆನಾ? ಕೋಪ ಮಾಡ್ಕೋತೀಯ, ಜಗಳ ಆಡ್ತೀಯ, ಆದ್ರೆ ಸುಳ್ಳು ಹೇಳೋಳಲ್ಲ ನೀನು."

ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಅಳಿಸಿದ್ದವಳು ನಾನೇ. ಮತ್ತೆ ಮತ್ತೆ ಹೇಳಿದೆ, ಹೇಳಿದಷ್ಟೂ ಅವರು ನನ್ನ ಕೈಯನ್ನು ತಟ್ಟುತ್ತಾ ಹೋದರು, ಮಗುವನ್ನು ಸುಮ್ಮನಾಗಿಸುವ ಹಾಗೆ. ಕೊನೆಗೆ ಒಳಗೆ ತಿರುಗಿ ಕೂಗಿದರು.

"ಪದ್ಮಾ, ಇಲ್ಲಿ ಬಾ. ಈ ಮಗೂನ ನೋಡು, ನಾನು ಮಾಡಿದ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೋತಿದಾಳೆ. ಇಂಥ ಮನಸ್ಸು ಯಾರಿಗಿರುತ್ತೆ ಹೇಳು. ಬರಿಗೈಲಿ ಕಳಿಸ್ಬೇಡ, ಕುಂಕುಮ ಕೊಡು."

ಪದ್ಮಾವತಮ್ಮ ತಟ್ಟೆ ಹಿಡಿದು ಬಂದರು. ಅವರ ಕಣ್ಣೂ ತುಂಬಿತ್ತು. "ತಣ್ಣಗಿರು ಕಣಮ್ಮ" ಅಂದರು. ನಾನು ಹಣೆ ಒಡ್ಡಿ ನಿಂತೆ.